ಬೋರ್ಡು ಬರೆಸೋದು ಕೊನೆಗೆ: ಮೈಸೂರಿನಲ್ಲಿ ಬಡವರಿಗಾಗಿ ಒಂದು ಕ್ರೈಸ್ತ ಸೇವಾ ಸಂಘ ಕಟ್ಟುವ ಬಗೆ

ವರ್ಷಕ್ಕೆ ಎರಡು ಮೂರು ಸಲ ಇಂಥದೊಂದು ಫೋನ್ ಬರುತ್ತದೆ. "ಅಣ್ಣಾ, ನಮ್ಮ ಚರ್ಚ್ ಸಭೆಯಿಂದ ಒಂದು ಟ್ರಸ್ಟ್ ಮಾಡೋಣ ಅಂತಿದ್ದೀವಿ. ಹೆಸರು ಫಿಕ್ಸ್ ಆಗಿದೆ, ಲೋಗೋನೂ ರೆಡಿ. ರಿಜಿಸ್ಟರ್ ಮಾಡಿಸೋದು ಹೇಗೆ?" ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ. "ಯಾವ ಬೀದಿ?" ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ.

ಮೈಸೂರಿನ ಒಂದು ಸಣ್ಣ ಸೇವಾ ಸಂಘದಲ್ಲಿ ನಾನು ಕೆಲವು ವರ್ಷ ಖಜಾಂಚಿಯಾಗಿದ್ದೆ. ವಕೀಲನಲ್ಲ, ಆಡಿಟರೂ ಅಲ್ಲ. ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು, ಒಂದೆರಡು ಕಡೆ ಎಡವಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ಸಭೆ ಯಾವುದೇ ಇರಲಿ, ಕ್ಯಾಥೊಲಿಕ್ ಧರ್ಮಕೇಂದ್ರವಾಗಲಿ, ಪ್ರಾಟೆಸ್ಟೆಂಟರ ಸಿಎಸ್‌ಐ ಆಗಲಿ, ಬಾಡಿಗೆ ಹಾಲ್‌ನಲ್ಲಿ ಕೂಡುವ ಮೂವತ್ತು ಜನರಾಗಲಿ, ದಾರಿ ಹೆಚ್ಚುಕಮ್ಮಿ ಇದೇ.

1. ಮೊದಲು ಬೀದಿ

ಪ್ಯಾರಿಸ್‌ನಲ್ಲಿ 1833ರಲ್ಲಿ ಫ್ರೆಡೆರಿಕ್ ಓಜಾನಾಮ್ ಎಂಬ ಇಪ್ಪತ್ತು ವರ್ಷದ ಹುಡುಗ, ಲಾ ಓದುತ್ತಿದ್ದವನು, ಗೆಳೆಯರನ್ನು ಕೂಡಿಸಿಕೊಂಡು ಬಡವರಿಗೆ ನೆರವಾಗಲು ಹೊರಟ. ಉತ್ಸಾಹ ಬೇಕಾದಷ್ಟಿತ್ತು. ಯಾರ ಮನೆ ಬಾಗಿಲು ತಟ್ಟಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಆಗ ಅವರಿಗೆ ದಾರಿ ತೋರಿಸಿದವರು ಸಿಸ್ಟರ್ ರೊಸಾಲಿ ಅನ್ನುವ ಕನ್ಯಾಸ್ತ್ರೀ. ಅದೇ ನಗರದ ಬಡ ಕೇರಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ಯಾವ ಮನೆಯಲ್ಲಿ ಒಲೆ ಹತ್ತಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಹೀಗೆ ಶುರುವಾದದ್ದೇ ಸಂತ ವಿನ್ಸೆಂಟ್ ದೇ ಪೌಲರ ಹೆಸರಿನ ಸಂಘ. ಇವತ್ತಿಗೂ ಮನೆ ಭೇಟಿಯೇ ಅವರ ಮುಖ್ಯ ಕೆಲಸ.

ನಮ್ಮೂರಿನ ಸಿಸ್ಟರ್ ರೊಸಾಲಿಗಳು ಯಾರು? ಆಶಾ ಕಾರ್ಯಕರ್ತೆ. ಅಂಗನವಾಡಿ ಟೀಚರ್. ಬೆಳಗಾಗುವ ಮುಂಚೆಯೇ ಪೊರಕೆ ಹಿಡಿದು ಬರುವ ಪೌರಕಾರ್ಮಿಕರು. ರೇಷನ್ ಅಂಗಡಿಯವರು. ಇವರಲ್ಲಿ ಒಬ್ಬರ ಪರಿಚಯವಿಲ್ಲದೆ ಬೀದಿಗೆ ಕಾಲಿಡಬೇಡಿ. ನಾಲ್ಕು ಶನಿವಾರ ಅವರ ಜೊತೆ ಸುಮ್ನೆ ನಡೆಯಿರಿ. ಕೈಯಲ್ಲಿ ಏನೂ ಇರಬಾರದು, ಬಿಸ್ಕತ್ ಪ್ಯಾಕೆಟ್ ಕೂಡ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಸಾಕು.

ಇನ್ನೊಂದು ಮಾತು. "ನಿಮಗೆ ಏನು ಬೇಕು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಅಕ್ಕಿ, ಸೀರೆ ಅನ್ನುತ್ತಾರೆ. ಬಂದವರು ಕೊಡೋದು ಅದನ್ನೇ ಅಂತ ಅವರಿಗೆ ಗೊತ್ತು. "ಹೋದ ತಿಂಗಳು ಕೂಲಿ ಬಿಟ್ಟು ಯಾವ ಕೆಲಸಕ್ಕೆ ಅಲೆದಿರಿ?" ಅಂತ ಕೇಳಿ ನೋಡಿ. ಬೇರೆಯೇ ಕಥೆ ಹೊರಗೆ ಬರುತ್ತದೆ.

ನಮಗೆ ಹಾಗೆ ಸಿಕ್ಕಿದವರು ಊದುಬತ್ತಿ ಹೊಸೆಯುತ್ತಿದ್ದ ಒಬ್ಬ ಅಜ್ಜಿ. ಬಾಗಿಲಲ್ಲೇ ಮಣೆ ಇಟ್ಟುಕೊಂಡು ಕೂತಿದ್ದರು. ಎರಡೂ ಅಂಗೈ ಇದ್ದಿಲಪುಡಿಯಿಂದ ಕರ್ರಗೆ. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ನಮ್ಮನ್ನು ನೋಡಿ ಕೈ ನಿಲ್ಲಿಸದೆಯೇ ಕೇಳಿದರು, "ಏನ್ ಸಾಮಿ, ಎಲೆಕ್ಸನ್ ಬಂತಾ?" ನಾವು ಚರ್ಚ್ ಕಡೆಯವರು ಅಂದೆವು. "ಅಕ್ಕಿ ತಂದಿದ್ರೆ ಬ್ಯಾಡ ಕಣಪ್ಪ, ಸೊಸೈಟೀಲಿ ಕೊಡ್ತಾವ್ರೆ. ವೇತನ ನಿಂತೋಗ್ಬುಟ್ಟದೆ, ಅದೊಂದ ನೋಡ್ಕೊಡಿ" ಅಂದರು.

ಒಳಗಿನಿಂದ ಒಂದು ಬಿಸ್ಕತ್ ಡಬ್ಬಿ ಬಂತು. ಅದರಲ್ಲಿ ಮಡಿಕೆ ಬಿದ್ದ ಜಾಗದಲ್ಲೆಲ್ಲ ಹರಿದಿದ್ದ ರೇಷನ್ ಕಾರ್ಡ್, ಲ್ಯಾಮಿನೇಷನ್ ಮಾಡಿಸಿದ ಆಧಾರ್, ರಬ್ಬರ್ ಬ್ಯಾಂಡ್ ಸುತ್ತಿದ ಬ್ಯಾಂಕ್ ಪಾಸ್‌ಬುಕ್. ಪಾಸ್‌ಬುಕ್‌ನಲ್ಲಿ ಹೆಸರಿನ ಜೊತೆ ಗಂಡನ ಹೆಸರಿತ್ತು, ಆಧಾರ್‌ನಲ್ಲಿ ಅಪ್ಪನ ಹೆಸರಿತ್ತು. ಖಾತೆಗೆ ಆಧಾರ್ ಲಿಂಕ್ ಆಗಿರಲಿಲ್ಲ. ಇಷ್ಟಕ್ಕೇ ವೃದ್ಧಾಪ್ಯ ವೇತನ ನಿಂತಿತ್ತು. ಬ್ಯಾಂಕಿಗೆ ಎರಡು ಸಲ, ಆಧಾರ್ ಸೆಂಟರ್‌ಗೆ ಒಂದು ಸಲ, ನಾಡಕಚೇರಿಗೆ ಎರಡು ಸಲ ಹೋದೆವು. ಅಜ್ಜಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ಟಿಕೆಟ್ ನನಗೆ ಮಾತ್ರ. ನಮ್ಮ ಸಂಘದ ಲೆಕ್ಕಪುಸ್ತಕದ ಮೊದಲ ಸಾಲು ಹೀಗಿದೆ: ಬಸ್ ಚಾರ್ಜು, ಜೆರಾಕ್ಸ್.

ಬೀದಿಯ ಬಗ್ಗೆ ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ಆ ಜಾಗ ಸರ್ಕಾರದ ಲೆಕ್ಕದಲ್ಲಿ ಘೋಷಿತ ಕೊಳಗೇರಿಯೋ ಅಲ್ಲವೋ? 1973ರ ಕೊಳಗೇರಿ ಕಾಯ್ದೆ ಪ್ರಕಾರ ಘೋಷಣೆಯಾಗಿದ್ದರೆ ಮನೆ, ನೀರು, ಹಕ್ಕುಪತ್ರದ ಮಾತು ಎತ್ತಲು ಒಂದು ಹಿಡಿ ಸಿಗುತ್ತದೆ. ಆಗಿಲ್ಲದಿದ್ದರೆ ಅಲ್ಲಿನವರ ಸ್ಥಿತಿ ಹೆಚ್ಚು ನಾಜೂಕು. ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲಿ ಕೇಳಿದರೆ ತಿಳಿಯುತ್ತದೆ.

2. ಒಂದೇ ಕೆಲಸ ಹಿಡಿಯಿರಿ

ಇಲ್ಲಿ ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. ಅಜ್ಜಿ ಸಿಗುವುದಕ್ಕೆ ಮುಂಚೆ, ಒಂದು ಕ್ರಿಸ್ಮಸ್‌ಗೆ ಕಂಬಳಿ ಹಂಚಲು ಹೋಗಿದ್ದೆವು. ಬೀದಿಯ ಪರಿಚಯವಿರಲಿಲ್ಲ, ಅಲ್ವಾ? ಅಲ್ಲಿನ ಮುಂದಾಳು ಒಬ್ಬರ ಕೈಗೆ ಅರವತ್ತು ಟೋಕನ್ ಕೊಟ್ಟು, ತೀರಾ ಕಷ್ಟದಲ್ಲಿರೋರಿಗೆ ಹಂಚಿ ಅಂದೆವು. ಕಂಬಳಿ ಕೊಡುವ ಹೊತ್ತಿಗೆ ನೂಕುನುಗ್ಗಲು. ಒಬ್ಬ ಮುದುಕಿ ಬಿದ್ದು ಮಣಿಕಟ್ಟು ಊದಿಕೊಂಡಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆಟೋದಲ್ಲಿ ಆಕೆ ಕೇಳಿದ್ದು, "ಕಂಬ್ಳಿ ಸಿಗ್ನಿಲ್ವಲ್ಲ, ಇಪ್ಪತ್ ರೂಪಾಯಿ ವಾಪಸ್ ಕೊಡ್ತೀರಾ?" ಟೋಕನ್‌ಗೆ ಇಪ್ಪತ್ತು ರೂಪಾಯಿ ವಸೂಲಾಗಿತ್ತು. ನಮ್ಮ ಹೆಸರಿನಲ್ಲಿ.

ಅವತ್ತು ಚರ್ಚ್‌ನ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ಬಹಳ ಚೆನ್ನಾಗಿ ಬಂದಿದ್ದವು.

ಆದ್ದರಿಂದ ಹಂಚುವ ಕೆಲಸದಿಂದ ಶುರು ಮಾಡಬೇಡಿ ಅಂತ ನನ್ನ ಸಲಹೆ. ಊಟವನ್ನೇ ತಗೊಳ್ಳಿ. ನಗರದಲ್ಲಿ ಇಂದಿರಾ ಕ್ಯಾಂಟೀನ್ ಇದೆ, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ರೇಷನ್ ಅಂಗಡಿಯಲ್ಲಿ ಅನ್ನಭಾಗ್ಯದ ಅಕ್ಕಿ ಸಿಗುತ್ತದೆ. ನೀವು ಇನ್ನೊಂದು ದೊಡ್ಡ ಹಂಡೆ ಇಟ್ಟು ಪಲಾವ್ ಬೇಯಿಸುವ ಮುಂಚೆ, ಕ್ಯಾಂಟೀನಿನವರೆಗೂ ನಡೆಯಲಾರದವರು ಆ ಬೀದಿಯಲ್ಲಿ ಎಷ್ಟು ಜನ ಅಂತ ಎಣಿಸಿ. ಆರು ಜನ ಇರಬಹುದು. ಆ ಆರು ಜನಕ್ಕೆ ಬೇಕಾದದ್ದು ಒಂದು ಸೈಕಲ್ಲು, ಒಂದು ಕ್ಯಾರಿಯರ್ರು.

ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಒಂದು ವಿವರ ಕಣ್ಣಿಗೆ ಬೀಳೋದು ಕಮ್ಮಿ. ಅವನು ದಾರಿಯಲ್ಲಿ ಆಸ್ಪತ್ರೆ ಕಟ್ಟಿಸಲಿಲ್ಲ. ಗಾಯಗೊಂಡವನನ್ನು ಆಗಲೇ ಇದ್ದ ಛತ್ರಕ್ಕೆ ಕರೆದುಕೊಂಡು ಹೋದ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಮೈಸೂರಿನಲ್ಲಿ ಛತ್ರಗಳಿಗೆ ಬರವಿಲ್ಲ. ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ, ಹಳಬರ ಬಾಯಲ್ಲಿ ಅದು ಈಗಲೂ ಮಿಷನ್ ಆಸ್ಪತ್ರೆ. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಇವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಪುಕ್ಕಟೆ ಕೊಡುತ್ತದೆ. ಇಲ್ಲದೇ ಇರೋದು ಜೊತೆಗೆ ಬರುವ ಒಬ್ಬ ಮನುಷ್ಯ. ಅರ್ಜಿ ಬರೆಯುವವನು, ಸಾಲಿನಲ್ಲಿ ನಿಲ್ಲುವವನು, "ನಾಳೆ ಬಾ" ಅಂದಾಗ ನಾಳೆ ಮತ್ತೆ ಬರುವವನು.

ಸಣ್ಣ ಸಭೆಗೆ ಕೈಗೆಟಕುವ ಕೆಲಸಗಳು ಇಂಥವು: ವಾರಕ್ಕೊಂದು ದಿನ ಅರ್ಜಿ ಬರೆದುಕೊಡುವ ಮೇಜು, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಪಾಠ, ಕೆ.ಆರ್. ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗಿನಿಂದ ರೋಗಿಯ ಜೊತೆ ಬಂದು ದಿಕ್ಕು ತೋಚದೆ ಕೂತವರಿಗೆ ಒತ್ತಾಸೆ. ಒಂದನ್ನು ಆರಿಸಿ. ಆರು ತಿಂಗಳು ಹೆಸರಿಲ್ಲದೆ, ಬೋರ್ಡಿಲ್ಲದೆ ಮಾಡಿ. ಆರು ತಿಂಗಳಾದ ಮೇಲೆ ಎಷ್ಟು ಜನ ಉಳಿದಿದ್ದೀರಿ ಅಂತ ನೋಡಿಕೊಳ್ಳಿ. ಮುಂದಿನ ಹೆಜ್ಜೆಗೆ ಆ ಲೆಕ್ಕ ಬೇಕು.

ಹೆಸರಿಲ್ಲದೆ ಹೇಗೆ ಅಂತೀರಾ? ವಿಲಿಯಂ ಬೂತ್ ಮತ್ತು ಕ್ಯಾಥರೀನ್ ಬೂತ್ ಲಂಡನ್ನಿನ ಪೂರ್ವ ಭಾಗದ ಬಡವರ ನಡುವೆ ಕೆಲಸ ಶುರು ಮಾಡಿದ್ದು 1865ರಲ್ಲಿ. ಸಾಲ್ವೇಷನ್ ಆರ್ಮಿ ಅನ್ನುವ ಹೆಸರು ಬಂದದ್ದು 1878ರಲ್ಲಿ, ಹದಿಮೂರು ವರ್ಷ ಆದ ಮೇಲೆ. ನಮಗೆ ಆರು ತಿಂಗಳು ತಡೆಯೋದಕ್ಕಾಗದೇ?

ಈ ಆರು ತಿಂಗಳು ಹೊರಗಿನವರಿಂದ ಒಂದು ರೂಪಾಯಿ ಎತ್ತಬೇಡಿ. ಪಾಸ್ಟರ್ ಅವರ ಸ್ವಂತ ಫೋನ್‌ಪೇ ನಂಬರಿಗೆ ಹಣ ಹಾಕಿಸುವುದಂತೂ ಬೇಡವೇ ಬೇಡ. ನಿಮ್ಮ ನಿಮ್ಮ ಜೇಬಿನ ಹಣ, ಹತ್ತು ರೂಪಾಯಿಯ ಖರ್ಚಿಗೂ ನೋಟ್‌ಬುಕ್‌ನಲ್ಲಿ ಒಂದು ಸಾಲು. ಅಷ್ಟೇ.

3. ಸುವಾರ್ತೆ ಬೇರೆ, ಸೇವೆಯ ಷರತ್ತು ಬೇರೆ

ಇದನ್ನು ಕಾಗದ ಪತ್ರಕ್ಕಿಂತ ಮುಂಚೆ ಕೂತು ಮಾತಾಡಿ ಮುಗಿಸಿ. ಆಮೇಲೆ ಜಗಳವಾದರೆ ಸಂಘ ಉಳಿಯೋದು ಕಷ್ಟ.

ನಾವು ಯೇಸುವಿನ ಹೆಸರಿನಲ್ಲಿ ಈ ಕೆಲಸ ಮಾಡುತ್ತೇವೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಕೇಳಿದವರಿಗೆ ಹೇಳಬಹುದು. ಆದರೆ ನೆರವು ಪಡೆಯುವವರು ಪ್ರಾರ್ಥನೆಗೆ ಕೂರಬೇಕು, ಭಾನುವಾರ ಬರಬೇಕು ಅನ್ನುವ ಸುಳಿವೂ ಇರಬಾರದು. ಅರ್ಜಿ ಬರೆಸಲು ಬಂದವರ ಕೈಗೆ ಕರಪತ್ರ ತುರುಕಬಾರದು. ಹಸಿದವನು "ಆಮೆನ್" ಅಂದರೆ ಅದು ಯಾರಿಗೆ ಅಂದದ್ದು ಅಂತ ನಮಗೆ ಗೊತ್ತಾಗುವುದಾದರೂ ಹೇಗೆ?

ಕಾನೂನಿನ ಕಡೆಯಿಂದಲೂ ಎಚ್ಚರ ಬೇಕು. ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ಹಣ, ಉಚಿತ ಶಿಕ್ಷಣದಂಥವನ್ನೂ ಆಮಿಷ ಅಂತ ಎಣಿಸಿದ್ದರು. 2023ರಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಕಾಯ್ದೆ ಇರಲಿ ಹೋಗಲಿ, ಬೀದಿಯಲ್ಲಿ ಅನುಮಾನ ಹುಟ್ಟಲು ಕಾಯ್ದೆ ಬೇಕಾಗಿಲ್ಲ. ಮೊದಲ ವಾರವೇ ಬೀದಿಯ ಹಿರಿಯರಿಗೆ, ಅಲ್ಲಿನ ದೇವಸ್ಥಾನದವರಿಗೆ, ಮಸೀದಿಯವರಿಗೆ ನಾವು ಯಾರು, ಏನು ಮಾಡ್ತೀವಿ ಅಂತ ಹೋಗಿ ಹೇಳಿ ಬನ್ನಿ. ಒಂದು ಲೋಟ ಟೀ ಕುಡಿದೇ ಬನ್ನಿ.

ರಿಜಿಸ್ಟರಿನಲ್ಲಿ ಮತ, ಜಾತಿಯ ಕಾಲಂ ಹಾಕಬೇಡಿ. ನಮ್ಮ ಹುಡುಗರು ಉತ್ಸಾಹದಲ್ಲಿ ಹಾಕಿದ್ದರು, ಒಬ್ಬ ತಾಯಿ ಅದನ್ನು ನೋಡಿ ಪೆನ್ನು ಕೆಳಗಿಟ್ಟು ಎದ್ದು ಹೋದರು. ಯಾಕೆ ಅಂತ ಆಮೇಲೆ ತಿಳಿಯಿತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಈಗ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಚರ್ಚಿನವರ ಪುಸ್ತಕದಲ್ಲಿ ತನ್ನ ಹೆಸರು ಸೇರಿದರೆ ಮಗಳ ಸರ್ಟಿಫಿಕೇಟಿಗೆ ಏನಾಗುತ್ತದೋ ಅನ್ನೋದು ಆ ತಾಯಿಯ ಭಯ. ಕಾಲಂ ಹೊಡೆದು ಹಾಕಿದೆವು. ಅದರಿಂದ ನಮ್ಮ ಕೆಲಸಕ್ಕೆ ಏನೂ ಕಮ್ಮಿಯಾಗಲಿಲ್ಲ.

4. ಏಳು ಜನ

ಈಗ ನೋಂದಣಿ. ಮುಖ್ಯವಾಗಿ ಎರಡು ದಾರಿ: ಟ್ರಸ್ಟ್ ಅಥವಾ ಸಂಘ. ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಲಾಭವಿಲ್ಲದ ಕಂಪನಿ ಮಾಡುವ ದಾರಿಯೂ ಉಂಟು. ಆದರೆ ಸಣ್ಣ ಗುಂಪಿಗೆ ಅದರ ಕಾಗದದ ಹೊರೆ ಜಾಸ್ತಿ.

ಟ್ರಸ್ಟ್ ಸುಲಭ. ಟ್ರಸ್ಟ್ ಡೀಡ್ ಬರೆಸಿ, ಛಾಪಾ ಶುಲ್ಕ ಕಟ್ಟಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳ ಜೊತೆ ನೋಂದಾಯಿಸಿದರೆ ಆಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮುಂಚೆಯೇ ಅರ್ಜಿ ಹಾಕಿ ಸಮಯ ಪಡೆಯಬೇಕು. ಸುಲಭವಾಗಿರೋದೇ ಅದರ ತೊಂದರೆ ಕೂಡ. ಗಂಡ, ಹೆಂಡತಿ, ಭಾವಮೈದ ಸೇರಿ ಟ್ರಸ್ಟ್ ಮಾಡಿಬಿಡುತ್ತಾರೆ. ಹತ್ತು ವರ್ಷದ ಮೇಲೆ ಸಭೆಯವರು "ನಮ್ಮ ಟ್ರಸ್ಟ್" ಅಂದುಕೊಂಡಿದ್ದು ಒಂದು ಮನೆಯವರದಾಗಿರುತ್ತದೆ.

ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ ಏಳು ಜನ ಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಚುನಾಯಿತ ಸಮಿತಿ, ಆಡಿಟ್ ಆದ ಲೆಕ್ಕ. ಅಂದಹಾಗೆ, ಬೀದಿಯಲ್ಲಿ ಹೋಗಿ ನಾವು ಸೊಸೈಟಿ ಮಾಡಿದ್ದೀವಿ ಅನ್ನಬೇಡಿ. ನಮ್ಮ ಕಡೆ ಸೊಸೈಟಿ ಅಂದರೆ ರೇಷನ್ ಅಂಗಡಿ. ಮಾರನೇ ದಿನ ಕಾರ್ಡ್ ಹಿಡಿದುಕೊಂಡು ಬರುತ್ತಾರೆ. ಅನುಭವದ ಮಾತು.

ನಾನು ಸಂಘದ ಪರ. ಏಳು ಅನ್ನುವ ಸಂಖ್ಯೆ ನಮಗೇನೂ ಹೊಸದಲ್ಲವಲ್ಲ. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ತೆಗೆದು ನೋಡಿ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗುಣುಗುಟ್ಟುವಿಕೆ ಶುರುವಾಯಿತು. ಆಗ ಒಳ್ಳೆಯ ಹೆಸರಿನ ಏಳು ಜನರನ್ನು ಆರಿಸಿ ಆ ಕೆಲಸಕ್ಕೆ ನೇಮಿಸಿದರು. ಅಂದರೆ ಮೊದಲ ಸಭೆಯಲ್ಲೂ ಟೋಕನ್ ಗಲಾಟೆ ಇತ್ತು. ಅದಕ್ಕೆ ಕಂಡುಕೊಂಡ ದಾರಿ ಸಮಿತಿ. ಬೋಧನೆ ಮಾಡುವವರೇ ಹಂಚುವ ಕೆಲಸವನ್ನೂ ಇಟ್ಟುಕೊಳ್ಳಲಿಲ್ಲ ಅನ್ನೋದನ್ನೂ ಗಮನಿಸಿ.

ಸಹಿ ಹಾಕಲು ಏಳು ಜನ ಸಿಗುತ್ತಾರೆ. ನಿಮಗೆ ಬೇಕಾದದ್ದು ಆರು ತಿಂಗಳ ನಂತರವೂ ಶನಿವಾರ ಬರುತ್ತಿರುವ ಏಳು ಜನ. ಮೂವರೇ ಉಳಿದಿದ್ದರೆ ಇನ್ನೂ ಆರು ತಿಂಗಳು ಹಾಗೇ ನಡೆಸಿ. ಏಳರಲ್ಲಿ ಕನಿಷ್ಠ ಮೂವರು ಹೆಂಗಸರಿರಲಿ, ಒಬ್ಬರು ಆ ಬೀದಿಯವರೇ ಇರಲಿ. ಒಂದೇ ಮನೆಯ ಇಬ್ಬರು ಬೇಡ. ಸಭಾಪಾಲಕರನ್ನೇ, ಅಂದರೆ ಪಾಸ್ಟರ್ ಅವರನ್ನೇ, ಅಧ್ಯಕ್ಷರನ್ನಾಗಿ ಮಾಡುವ ರೂಢಿ ಇದೆ. ಮಾಡಬೇಡಿ. ಅವರಿಗೆ ವರ್ಗಾವಣೆಯಾದಾಗ ಬ್ಯಾಂಕಿನ ಸಹಿಯಿಂದ ಹಿಡಿದು ಎಲ್ಲವೂ ನಿಂತುಹೋಗುತ್ತದೆ. ಗೌರವ ಸಲಹೆಗಾರರಾಗಿರಲಿ, ಎಲ್ಲರಿಗೂ ಒಳ್ಳೆಯದು.

5. ಕಾಗದ ಪತ್ರ

ಬೇಕಾಗುವುದು: ಉದ್ದೇಶಗಳ ಪತ್ರ, ಬೈಲಾ (ಸಂಘದ ಒಳ ನಿಯಮಗಳು), ಏಳೂ ಜನರ ಗುರುತಿನ ಮತ್ತು ವಿಳಾಸದ ದಾಖಲೆ, ಫೋಟೋ, ಕಚೇರಿ ಜಾಗದ ಮಾಲೀಕರ ಒಪ್ಪಿಗೆ ಪತ್ರ. ಚರ್ಚಿನ ಕೋಣೆಯನ್ನೇ ಕಚೇರಿ ಅಂತ ತೋರಿಸುವುದಾದರೆ ಬಾಯಿ ಮಾತಿನ ಒಪ್ಪಿಗೆ ಸಾಲದು. ಚರ್ಚಿನ ಆಡಳಿತ ನೋಡುವ ಪ್ಯಾಸ್ಟರೇಟ್ ಕಮಿಟಿಯ ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ಬರೆಸಿಕೊಂಡು ಪ್ರತಿ ತಗೊಳ್ಳಿ. ಧರ್ಮಕೇಂದ್ರವಾದರೆ ಫಾದರ್ ಮೂಲಕ ಧರ್ಮಕ್ಷೇತ್ರದ, ಅಂದರೆ ಬಿಷಪ್ ಕಚೇರಿಯ, ಒಪ್ಪಿಗೆ. ಹೆಸರು ಬೇರೆ ಸಂಘದ್ದೇ ಆಗಿದ್ದರೆ ಕೊಡುವುದಿಲ್ಲ, ಆದ್ದರಿಂದ ಮೂರು ಹೆಸರು ಯೋಚಿಸಿಕೊಂಡು ಹೋಗಿ.

ಉದ್ದೇಶದ ಸಾಲಿನ ಮೇಲೆ ಮಾತ್ರ ಒಂದು ಸಂಜೆ ಪೂರ್ತಿ ಕೂತುಕೊಳ್ಳಿ. ನಮ್ಮ ಮೊದಲ ಕರಡಿನಲ್ಲಿ "ಬಡ ಕ್ರೈಸ್ತ ಕುಟುಂಬಗಳ ಏಳಿಗೆ" ಅಂತ ಇತ್ತು. ಬರೆದವರ ಮನಸ್ಸು ಒಳ್ಳೆಯದೇ. ಆದರೆ ಒಂದು ಮತದವರಿಗೆ ಅಥವಾ ಒಂದು ಜಾತಿಯವರಿಗೆ ಮಾತ್ರ ಅಂತ ಬರೆದುಕೊಂಡ ಸಂಸ್ಥೆಗೆ ದಾನಿಗಳ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಆ ಬೀದಿಗೂ ಅದು ಹೊಂದುವುದಿಲ್ಲ, ನಮ್ಮ ಊದುಬತ್ತಿ ಅಜ್ಜಿಯೇ ಅದರಲ್ಲಿ ಬರುವುದಿಲ್ಲ. ಕೊನೆಗೆ ಬರೆದದ್ದು ಇಷ್ಟು: "ಜಾತಿ, ಮತ, ಲಿಂಗ ಭೇದವಿಲ್ಲದೆ ಮೈಸೂರು ನಗರದ ಬಡವರಿಗೆ ಶಿಕ್ಷಣ, ಆರೋಗ್ಯ ಹಾಗೂ ಸರ್ಕಾರಿ ಸವಲತ್ತು ಪಡೆಯಲು ನೆರವು." ಪ್ರಾರ್ಥನಾ ಕೂಟ, ಸುವಾರ್ತೆಯ ಸಭೆಗಳು ಚರ್ಚಿನ ಕೆಲಸ, ಚರ್ಚಿನ ಲೆಕ್ಕದಲ್ಲೇ ಇರಲಿ. ಎರಡು ಚೀಲ ಎಂದೂ ಬೆರೆಯಬಾರದು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನ ಹಣವನ್ನು ಸಂಘಕ್ಕೆ ಕೊಡುವುದಾದರೆ ಚೆಕ್ಕಿನಲ್ಲೇ ಕೊಡಿ, ಸಂಘದಿಂದ ರಸೀದಿ ಪಡೆಯಿರಿ.

ನೋಂದಣಿ ಪತ್ರ ಕೈಗೆ ಬಂದ ಮೇಲೆ ಸಂಘದ ಹೆಸರಿನಲ್ಲಿ ಪಾನ್ ಕಾರ್ಡ್, ಅದಾದ ಮೇಲೆ ಬ್ಯಾಂಕ್ ಖಾತೆ. ಇಬ್ಬರ ಸಹಿ ಕಡ್ಡಾಯ ಮಾಡಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ಹೆಸರು ಸೇರಿಸಿಬಿಡಿ, ಅಲ್ಲಿ ಸಿಗುವ ನಂಬರನ್ನು ಮುಂದೆ ಹಲವು ಅರ್ಜಿಗಳಲ್ಲಿ ಕೇಳುತ್ತಾರೆ. ಸರ್ವಸದಸ್ಯರ ಸಭೆ ಮುಗಿದ 14 ದಿನದೊಳಗೆ ಸಮಿತಿಯ ಪಟ್ಟಿ ಮತ್ತು ಆಡಿಟ್ ವರದಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಂಘಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಎರಡನೇ ವರ್ಷ ಮರೆಯುತ್ತಾರೆ, ಮೂರನೇ ವರ್ಷ ದಂಡದ ಭಯಕ್ಕೆ ಆ ಕಚೇರಿಯ ಕಡೆ ತಲೆ ಹಾಕುವುದಿಲ್ಲ.

6. ಹಣ

ಮಾತಿನಲ್ಲಿ ಎಲ್ಲರೂ "ಟ್ವೆಲ್ವ್ ಎ, ಏಯ್ಟಿ ಜಿ" ಅನ್ನುತ್ತಾರೆ. ಮೊದಲನೆಯದು ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ, ಎರಡನೆಯದು ದಾನಿಗೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದರಿಂದ ಸೆಕ್ಷನ್ ನಂಬರುಗಳು ಬೇರೆ. ಅರ್ಜಿ ಹಾಕುವ ಮುಂಚೆ ಆಡಿಟರ್ ಹತ್ತಿರ ಕೂತು ಕೇಳಿಕೊಳ್ಳಿ. ಹಳೇ ಕಾಯ್ದೆಯಲ್ಲಿ ರೂಢಿಯಾದ ಕೆಲವು ಲೆಕ್ಕಗಳು ನೆನಪಿರಲಿ: ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟ ದಾನಿಗೆ ವಿನಾಯಿತಿ ಇಲ್ಲ. ದಾನಿಗಳ ಪಟ್ಟಿಯನ್ನು ವರ್ಷ ವರ್ಷ ಇಲಾಖೆಗೆ ಸಲ್ಲಿಸಬೇಕು.

ರಸೀದಿ ಪುಸ್ತಕಕ್ಕೆ ನಂಬರ್ ಹಾಕಿಸಿ ಅಚ್ಚು ಮಾಡಿಸಿ. ತಪ್ಪಾದ ರಸೀದಿಯನ್ನು ಹರಿಯಬೇಡಿ, ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಡಿ. ಮೂರು ತಿಂಗಳಿಗೊಮ್ಮೆ ಜಮಾ ಖರ್ಚನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಚರ್ಚಿನ ನೋಟಿಸ್ ಬೋರ್ಡಿಗೆ ಅಂಟಿಸಿ. ಅದನ್ನೇ ಬೀದಿಯ ಅಂಗನವಾಡಿ ಗೋಡೆಗೂ ಅಂಟಿಸಿ. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಅಂತ ಯೇಸು ಹೇಳಿದ್ದು ಕೊಡುವವನಿಗೆ. ಖಜಾಂಚಿಗೆ ಆ ರಿಯಾಯಿತಿ ಇಲ್ಲ.

ವಿದೇಶದ ಹಣದ ವಿಷಯ ಬಂದಾಗ ತುಂಬಾ ಜನ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತಾರೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ, ಪ್ರಕಾರ ಅನುಮತಿ ಇಲ್ಲದೆ ವಿದೇಶಿ ಮೂಲದಿಂದ ನೂರು ರೂಪಾಯಿ ಪಡೆದರೂ ತಪ್ಪು. ನೋಂದಣಿಗೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಕೆಲಸಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆಡಳಿತದ ಖರ್ಚು ಶೇ. 20 ಮೀರಬಾರದು. ದುಬೈನಲ್ಲಿರುವ ನಿಮ್ಮ ತಮ್ಮನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡ ಅಕ್ಕ ಕಳಿಸಿದರೆ ಅದು ವಿದೇಶಿ ದೇಣಿಗೆ. ಒಂದೇ ತಾಯಿಯ ಮಕ್ಕಳು, ಕಾನೂನಿನ ಕಣ್ಣಿಗೆ ಬೇರೆ ಬೇರೆ. ದಾನಿಯ ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ.

ಮೊದಲ ಐದು ವರ್ಷ ವಿದೇಶದ ಹಣದ ಆಸೆಯನ್ನೇ ಬಿಡಿ ಅನ್ನುವವನು ನಾನು. ತಿಂಗಳಿಗೆ ನೂರು ರೂಪಾಯಿ ಕೊಡುವ ಎಂಬತ್ತು ಮನೆ ಸಿಕ್ಕರೆ ಅರ್ಜಿ ಮೇಜು ನಡೆಯುತ್ತದೆ.

7. ಮಕ್ಕಳು ಬಂದರೆ

ಪಾಠದ ಮನೆ ಮಾಡುವವರು ಈ ಭಾಗವನ್ನು ಎರಡು ಸಲ ಓದಿ. ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಇರಬಾರದು, ಯಾವಾಗಲೂ ಇಬ್ಬರು, ಅದರಲ್ಲಿ ಒಬ್ಬರು ಹೆಂಗಸು. ಬಾಗಿಲು ತೆರೆದಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮಾನ, ಮನೆಯ ಮಾನ ಅಂತ ಒಳಗೊಳಗೇ ರಾಜಿ ಮಾಡಿಸುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಯ ಮೇಲೆ ದೊಡ್ಡದಾಗಿ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆಸಿ.

"ಪಾಪ, ಮಗುಗೆ ಯಾರೂ ಇಲ್ಲ" ಅಂತ ಒಂದು ರಾತ್ರಿಯಾದರೂ ನೀವೇ ಇಟ್ಟುಕೊಳ್ಳಬೇಡಿ. ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ನೋಂದಣಿ ಇಲ್ಲದೆ ಅನಾಥಾಲಯ, ಹಾಸ್ಟೆಲ್ ತರಹ ಮಕ್ಕಳನ್ನು ಇಟ್ಟುಕೊಂಡರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷಕ್ಕೆ ಕಮ್ಮಿಯಿಲ್ಲದ ದಂಡ, ಅಥವಾ ಎರಡೂ. ಒಳ್ಳೆಯ ಮನಸ್ಸಿನವರೇ ಇದರಲ್ಲಿ ಜಾಸ್ತಿ ಸಿಕ್ಕಿಬೀಳುವುದು.

ಫೋಟೋ ವಿಷಯ ಚಿಕ್ಕದು. ಏನನ್ನಾದರೂ ಕೊಡುತ್ತಿರುವ ಫೋಟೋ ತೆಗೆಯಬೇಡಿ. ದಾನಿ ಕೇಳಿದರೆ ಜಮಾ ಖರ್ಚಿನ ಹಾಳೆಯ ಫೋಟೋ ಕಳಿಸಿ.

8. ಈಗ ಬೋರ್ಡು, ಮತ್ತೆ ಒಂದು ಸಾಲು

ಇಷ್ಟಾದ ಮೇಲೆ ಬೋರ್ಡು ಬರೆಸಿ. ಸಣ್ಣದಿರಲಿ, ಕನ್ನಡ ದೊಡ್ಡದಿರಲಿ. ಕೆಳಗೆ ಯಾವ ವಾರ, ಎಷ್ಟು ಗಂಟೆ ಅನ್ನೋದು ಇರಲೇಬೇಕು. ಶನಿವಾರ 4ರಿಂದ 7 ಅಂತ ಬರೆದರೆ, ದಸರಾ ಜಂಬೂಸವಾರಿ ಅದೇ ದಿನ ಬಿದ್ದರೂ ಒಬ್ಬರು ಅಲ್ಲಿ ಕೂತಿರಬೇಕು. ಸಾಧ್ಯವಿಲ್ಲ ಅಂದರೆ ಹಿಂದಿನ ವಾರವೇ ಹೇಳಬೇಕು. ಕೂಲಿ ಬಿಟ್ಟು ಬಂದವರಿಗೆ ಬೀಗ ಹಾಕಿದ ಬಾಗಿಲು ಕಾಣಬಾರದು.

ಬೈಲಾದಲ್ಲಿ ಬಿಟ್ಟುಹೋಗುವ ಒಂದು ಸಾಲನ್ನು ನೆನಪು ಮಾಡುತ್ತೇನೆ. ಸಂಘ ಮುಚ್ಚಿದರೆ ಆಸ್ತಿ ಏನಾಗಬೇಕು? ಸದಸ್ಯರು ಹಂಚಿಕೊಳ್ಳುವಂತಿಲ್ಲ, ಇದೇ ಥರದ ಇನ್ನೊಂದು ಸಂಸ್ಥೆಗೆ ಹೋಗಬೇಕು. ನಮ್ಮ ಕರಡು ಓದುವಾಗ ಇಲ್ಲಿಗೆ ಬಂದು ಎಲ್ಲರೂ ನಕ್ಕರು. ಆಗ ನಮ್ಮ ಆಸ್ತಿ ಅಂದರೆ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಯಾರೋ ಕೊಟ್ಟ ಹಳೇ ಕಬ್ಬಿಣದ ಬೀರು. "ಶುರುವಾಗೋ ಮುಂಚೆನೇ ಮುಚ್ಚೋ ಮಾತು ಯಾಕಣ್ಣ?" ಅಂತ ಒಬ್ಬಳು ಹುಡುಗಿ ಕೇಳಿದಳು. ಹತ್ತು ನಿಮಿಷ ಆಗುವುದರೊಳಗೆ ಆ ಬೀರು ಚರ್ಚಿಗೋ, ಕೊಟ್ಟವರ ಮನೆಗೋ ಅಂತ ಇಬ್ಬರು ಹಿರಿಯರು ಜೋರು ದನಿಯಲ್ಲಿ ವಾದ ಮಾಡುತ್ತಿದ್ದರು. ಆ ಸಾಲನ್ನು ಅವತ್ತೇ ಬರೆಸಿದೆವು. ನೀವೂ ಬರೆಸಿ, ಏಳೂ ಜನರ ಸಹಿ ಹಾಕಿಸಿ, ಮೂರು ಜೆರಾಕ್ಸ್ ತೆಗೆಸಿ ಬೇರೆ ಬೇರೆ ಮನೆಯಲ್ಲಿಡಿ.